ಹೊಳೆಯ ದಂಡೆಯ ಬುತ್ತಿ

ಚಿಗಟೇರಿಯು ನಾರದಮುನಿಯ ಊರು. ದೇವರ್ಷಿಯೆಂದು ಪುರಾಣಗಳು ಕೊಂಡಾಡುವ ಆ ಮಹಾತ್ಮನಿಗೆ ಕಟ್ಟಿದ ಗುಡಿಗಳು ನಾಡಿನಲ್ಲಿ ತೀರ ವಿರಳ. ಅಂಥದೊಂದು ಗುಡಿಯನ್ನು ಹೊಂದಿ, ಮುನಿಯ ತೇರನ್ನೆಳೆಯುತ್ತ, ಈ ಊರು ತನ್ನ ಬಾಳನ್ನು ನಡೆಯಿಸಿಕೊಂಡು ಬಂದಿದೆ. ಭಾಗವತದ ಆರನೆಯ ಸ್ಕಂಧವನ್ನು ಓದಿದವರು ಬಲ್ಲಂತೆ, ದಕ್ಷಪ್ರಜಾಪತಿಯ ಮಕ್ಕಳಿಗೆ ವೈರಾಗ್ಯವನ್ನು ಬೋಧಿಸಿ ಅವರು ಮನೆಗೆ ಮರಳದಂತೆ ಮಾಡಿದ ತಪ್ಪಿಗಾಗಿ ನಾರದನು, ಒಂದೆಡೆಯಲ್ಲಿ ನೆಲೆನಿಲ್ಲದೆ ಲೋಕಲೋಕಗಳನ್ನು ಸುತ್ತುತ್ತಿರಬೇಕೆಂಬ ಶಾಪವನ್ನು ಪಡೆದನು. ಅದನ್ನು ಎದುರಾಡದೆ ಒಪ್ಪಿಕೊಂಡನು. ನೆಲೆಯಿಲ್ಲದವನಿಗೆ ನೆಲೆಯನ್ನು ಕೊಟ್ಟ ಊರಿನವರಾದರೋ ಅಷ್ಟಾಗಿ ಊರು ಬಿಟ್ಟು ತಿರುಗುವವರಲ್ಲ. ಹರಪನಹಳ್ಳಿ ಸೀಮೆಯ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ್ದು; ಬಿತ್ತುವವನು ಮುಗಿಲನ್ನು ನೋಡುತ್ತ ಕುಳಿತಿರಬೇಕೇ ಹೊರತು ಊರನ್ನು ಬಿಡುವಂತಿಲ್ಲ. ಇವರು ಕುಳಿತಲ್ಲಿಯೇ ಇದ್ದರು. ಜಿಲ್ಲೆಗಳು ಮಾತ್ರ ಇವರ ಮೇಲೆ ಸಂಚಾರ ಮಾಡಿದವು. ಬಳ್ಳಾರಿಗೆ ಸೇರಿದ್ದ ಈ ತಾಲ್ಲೂಕು ೧೯೯೭ರಲ್ಲಿ ದಾವಣಗೆರೆಗೆ ಹೋಯಿತು. ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸಂದಿತು.

ಆದರೂ ಮನುಷ್ಯನಿಗೆ ವಿಹಾರವೆಂಬುದು ಬೇಕು. ಮಹಾಕಾವ್ಯವೆನಿಸಿಕೊಳ್ಳಬೇಕಾದರೆ ಉದ್ಯಾನವಿಹಾರವೂ ಸಲಿಲಕ್ರೀಡೆಯೂ ಅದರಲ್ಲಿ ವರ್ಣಿತವಾಗಿರಬೇಕೆಂದು ದಂಡಿಯು ತನ್ನ ಕಾವ್ಯಾದರ್ಶದಲ್ಲಿ ವಿಧಿಸಿದ್ದಾನೆ. ಕಾವ್ಯಗಳಲ್ಲಿ ಆ ಸುಖವೆಲ್ಲ ಅರಸರಿಗೆ ಮೀಸಲು. ರೈತನ ಮನೆಯ ಸಲಿಲಕ್ರೀಡೆಯನ್ನು ಯಾವ ಕವಿಯೂ ಹದಿನೆಂಟು ವರ್ಣನೆಗಳೊಳಗೆ ಸೇರಿಸಲಿಲ್ಲ. ಆದುದರಿಂದ ಅದು ಇಲ್ಲವೆಂದು ತಿಳಿಯಬಾರದು. ಈ ಭಾಗದ ಮನೆಗಳಲ್ಲಿ ಅದಕ್ಕೆ ಬುತ್ತಿ ಕಟ್ಟುವುದೆಂದು ಹೆಸರು. ಎಳ್ಳಮಾವಾಸ್ಯೆಗೆ ಹೊಲದ ಬುತ್ತಿ, ಕಾರ್ತಿಕದಲ್ಲಿ ನೆಲ್ಲಿಯ ಮರದಡಿ ವನಭೋಜನ, ಸಂಕ್ರಮಣಕ್ಕೆ ಹೊಳೆಯ ಬುತ್ತಿ. ದೇವರ ನೆಪವೊಂದು ಮುಂದೆ, ಸಂತೋಷವು ಅದರ ಹಿಂದೆ. ಹೀಗೆ ಇವೆರಡೂ ಒಂದೇ ಬಂಡಿಯಲ್ಲಿ ಕುಳಿತು ಹೋಗುತ್ತಿದ್ದವು.

ಚಿಗಟೇರಿಯ ಒಂದು ಮನೆಯವರು ಅನೇಕ ವರ್ಷಗಳಿಂದ ಸಂಕ್ರಮಣದ ಬುತ್ತಿಯನ್ನು ಕುರುವತ್ತಿಗೆ ಒಯ್ಯುವ ವಾಡಿಕೆ. ಆ ಮನೆಯ ಹಿರಿಯಳಾದ ಅಜ್ಜಿಗೆ ಈಗ ಎಂಭತ್ತು ವರ್ಷ. ಅವಳು ಸೊಸೆಯಾಗಿ ಬಂದ ಕಾಲದಲ್ಲಿ ಹಿಂದಿನ ದಿನದ ಇಳಿಹೊತ್ತಿನಲ್ಲಿಯೇ ಬಂಡಿ ಹೂಡಿ, ದಾರಿಯಲ್ಲಿ ಯಾವುದಾದರೊಂದು ಗುಡಿಯ ಪೌಳಿಯಲ್ಲಿ ತಂಗಿ, ಬೆಳಗಾಗುವ ಮುನ್ನ ಮತ್ತೆ ಹೊರಡುತ್ತಿದ್ದರು. ಈಗ ಬಾಡಿಗೆಯ ಮೋಟಾರಿನಲ್ಲಿ ಹೋಗಿ ಅದೇ ದಿನ ಸಂಜೆಗೆ ಬರುತ್ತಾರೆ. ಬದಲಾಗದೆ ಉಳಿದದ್ದು ಬುತ್ತಿಯೊಂದೇ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಪುಡಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ: ಇವನ್ನೆಲ್ಲ ಬಿಳಿಯ ಬಟ್ಟೆಯಲ್ಲಿ ಗಂಟು ಕಟ್ಟುವ ಕೆಲಸವನ್ನು ಅಜ್ಜಿಯು ಇಂದಿಗೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಕುರುವತ್ತಿಯು ಹಡಗಲಿ ತಾಲ್ಲೂಕಿಗೆ ಸೇರಿದ, ತುಂಗಭದ್ರೆಯ ದಂಡೆಯ ಮೇಲಿನ ಗ್ರಾಮ. ಕಾರ್ಣಿಕದಿಂದ ಹೆಸರಾದ ಮೈಲಾರವೂ ಅದೇ ತಾಲ್ಲೂಕಿನಲ್ಲಿ ಅದೇ ಹೊಳೆಯ ಬಳಿಯದು. ಶಿವರಾತ್ರಿಯ ಹೊತ್ತಿಗೆ ಕುರುವತ್ತಿಯಲ್ಲಿ ಬಸವೇಶ್ವರನ ಜಾತ್ರೆ ನೆರೆಯುತ್ತದೆ. ಸಂಕ್ರಮಣಕ್ಕೆ ಅಷ್ಟು ಗದ್ದಲವಿಲ್ಲ. ಹನ್ನೊಂದನೆಯ ಶತಮಾನದ ಚಾಲುಕ್ಯ ಶಿಲ್ಪದ ಮಲ್ಲಿಕಾರ್ಜುನ ದೇವಾಲಯವನ್ನು ಸುತ್ತಿ ನೋಡಿ, ಬಾಗಿಲ ಬಳಿಯ ಕಂಬಗಳ ಮೇಲೆ ನರ್ತಿಸುವ ಮದನಿಕೆಯರ ಕಡೆಗೆ ಮಕ್ಕಳು ಕತ್ತೆತ್ತಿ ಬೆರಗಾಗಿ, ಬಳಿಕ ಎಲ್ಲರೂ ಹೊಳೆಗೆ ಇಳಿಯುವರು. ಮಲೆನಾಡಿನ ಮಳೆಗೆ ಆಷಾಢದಲ್ಲಿ ಕೆಂಪೇರಿ ಉಕ್ಕಿದ ಹೊಳೆಯು ಪುಷ್ಯಮಾಸಕ್ಕೆ ತಿಳಿಯಾಗಿ, ಬಂಡೆಗಳ ನಡುವೆ ದಾರಿ ಹುಡುಕಿಕೊಂಡು ಮೆಲ್ಲನೆ ಹರಿಯುತ್ತಿರುತ್ತದೆ. ಎದುರಿನ ದಂಡೆ ಹಾವೇರಿ ಜಿಲ್ಲೆಯದು. ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕು ಎಂಬ ನಾಣ್ಣುಡಿಯನ್ನು ನೆನೆದು ಹಿರಿಯರು ಒಂದು ಬೊಗಸೆ ನೀರನ್ನು ಬಾಯಿಗೆ ಹಾಕಿಕೊಳ್ಳುವುದುಂಟು. ಮಕ್ಕಳನ್ನು ಮೊಣಕಾಲುದ್ದದ ನೀರಿನಿಂದಾಚೆಗೆ ಬಿಡುವುದಿಲ್ಲ. ಮರಳು ತೆಗೆದ ಹೊಳೆಗಳಲ್ಲಿ ಮೇಲೆ ಸಮನಾಗಿ ಕಾಣುವ ನೀರಿನ ಕೆಳಗೆ ಆಳವಾದ ಗುಂಡಿಗಳಿರುತ್ತವೆ. ಹೊಳೆಗೆ ಬುತ್ತಿ ಒಯ್ಯುವ ಗೃಹಸ್ಥರು ಇದನ್ನು ಮರೆಯಲಾಗದು.

ಈ ನೀರಿನಲ್ಲಿಯೇ ಕಲ್ಯಾಣದ ಚಕ್ರವರ್ತಿಯಾದ ಆಹವಮಲ್ಲ ಸೋಮೇಶ್ವರನು ೧೦೬೮ರಲ್ಲಿ ಪ್ರಾಣವನ್ನು ಬಿಟ್ಟನು. ಯಾವ ಔಷಧಕ್ಕೂ ಇಳಿಯದ ಜ್ವರದಿಂದ ನೊಂದ ಅರಸನು ದಕ್ಷಿಣದ ಗಂಗೆಯೆಂದು ಭಾವಿಸಿ ತುಂಗಭದ್ರೆಯ ತೀರಕ್ಕೆ ಬಂದು, ಶಿವನನ್ನು ನೆನೆಯುತ್ತ ಕೊರಳುದ್ದದ ನೀರಿಗೆ ನಡೆದುಹೋದ ವೃತ್ತಾಂತವನ್ನು ಕಾಶ್ಮೀರದಿಂದ ಬಂದ ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ವರ್ಣಿಸಿದ್ದಾನೆ. ಆ ಮನೆಯ ಮಗನು ಪ್ರತಿ ವರ್ಷವೂ ಈ ಕಥೆಯನ್ನು ಮಕ್ಕಳಿಗೆ ಹೇಳುತ್ತಾನೆ. ಮಕ್ಕಳು ಪ್ರತಿ ವರ್ಷವೂ ಅರಸನಿಗೆ ಈಜು ಬರುತ್ತಿತ್ತೇ ಎಂದು ಕೇಳುತ್ತಾರೆ.

ಊಟಕ್ಕೆ ಮುನ್ನ ಅಜ್ಜಿಯು ಮಾಡುವ ಒಂದು ಕೆಲಸವುಂಟು. ಬುತ್ತಿಯ ಗಂಟನ್ನು ಬಿಚ್ಚಿ, ಒಂದು ರೊಟ್ಟಿಯ ಚೂರನ್ನೂ ಒಂದು ಹಿಡಿ ಎಳ್ಳುಬೆಲ್ಲವನ್ನೂ ಮುತ್ತುಗದ ಎಲೆಯ ಮೇಲಿಟ್ಟು, ನೀರು ಹರಿದುಹೋಗುವ ದಿಕ್ಕಿಗೆ ಮುಖ ಮಾಡಿ ತೇಲಿಬಿಡುವಳು. ಉಳಿದವರು ಸೂರ್ಯನ ಕಡೆಗೆ ತಿರುಗಿ ಅರ್ಘ್ಯವನ್ನು ಕೊಟ್ಟರೆ ಇವಳ ಮುಖ ಮಾತ್ರ ಕೆಳಹೊಳೆಯ ಕಡೆಗೆ. ಎಲೆಯು ಬಂಡೆಗೆ ತಾಗಿ ನಿಂತರೆ ಕೋಲಿನಿಂದ ನೂಕಿ, ಅದು ಕಣ್ಮರೆಯಾಗುವವರೆಗೆ ನೋಡುತ್ತ ನಿಂತು, ಬಳಿಕವೇ ಊಟಕ್ಕೆ ಕುಳಿತುಕೊಳ್ಳುವಳು. ಗಂಗಮ್ಮನ ಪೂಜೆಯ ಒಂದು ಪದ್ಧತಿ ಇರಬಹುದೆಂದು ಮನೆಯವರು ಅದರ ಅರ್ಥವನ್ನು ಕೇಳಿರಲಿಲ್ಲ.

ಹೀಗೆ ಹೊಳೆಯೆಂದರೆ ಪ್ರಾಣ ಬಿಡುವ ಅಜ್ಜಿಯು ಅದೇ ಹೊಳೆಯ ಇನ್ನೊಂದು ವಿಹಾರಸ್ಥಾನಕ್ಕೆ ಒಮ್ಮೆಯೂ ಹೋದವಳಲ್ಲ. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯವನ್ನೂ ಅದರ ಕೆಳಗಣ ಉದ್ಯಾನವನ್ನೂ ನೋಡದ ಮನೆ ಈ ಸೀಮೆಯಲ್ಲಿ ವಿರಳ. ಶಾಲೆಯ ಮಕ್ಕಳ ಮೊದಲ ಪ್ರವಾಸವೇ ಅಲ್ಲಿಗೆ. ಹೊಸದಾಗಿ ಮದುವೆಯಾದವರು ಹೋಗುವುದು ಅಲ್ಲಿಗೆ. ನೆಂಟರು ಬಂದರೆ ಕರೆದುಕೊಂಡು ಹೋಗುವುದೂ ಅಲ್ಲಿಗೇ. ಈ ಮನೆಯವರೂ ಎಷ್ಟೋ ಸಲ ಹೋಗಿ ಬಂದರು. ಸೊಸೆಯು ಪ್ರತಿ ಸಲವೂ, “ಅತ್ತೀ, ಈ ಸಲನಾರ ಬರ್ರಿ” ಎಂದು ಕರೆಯುವಳು. “ಹೋಗೋರು ಹೋಗಿ ಬರ್ರಿ. ನಂಗ ಮನೀ ಕಾಯೋದೈತಿ” ಎಂದು ಅಜ್ಜಿಯು ಬುತ್ತಿಯನ್ನು ಕಟ್ಟಿಕೊಟ್ಟು ಕಟ್ಟೆಯ ಮೇಲೆ ಕುಳಿತುಬಿಡುವಳು. ಮನೆಯನ್ನು ಕಾಯಲು ಬೇರೆಯವರಿದ್ದಾಗಲೂ ಅದೇ ಉತ್ತರ.

ಕಾರಣವು ಆಕೆಯ ತೌರಿನಲ್ಲಿತ್ತು. ಆ ತೌರೂರು ನಾರಾಯಣದೇವರಕೆರೆ. ಕೆರೆಯ ಹೆಸರನ್ನು ಹೊತ್ತ ಆ ಊರು ಹೊಳೆಯ ನೀರಿನಲ್ಲಿ ಮುಳುಗಿತು. ಜಲಾಶಯದ ಕಟ್ಟೆಯ ಕೆಲಸ ಮುಗಿಯುತ್ತ ಬಂದಾಗ ಅಜ್ಜಿಗೆ ಎಂಟು ವರ್ಷ. ಊರಿನ ಜನರಲ್ಲಿ ಅನೇಕರು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಆ ಹುಡುಗಿಯ ತಂದೆಯು ಬಾಗಿಲುಗಳನ್ನೂ ತೊಲೆಗಳನ್ನೂ ಬಿಚ್ಚಿ ಬಂಡಿಗೆ ಹೇರಿದನು. ತಾಯಿಯು ಬಾಗಿಲಿಲ್ಲದ ಮನೆಯ ಹೊಸ್ತಿಲನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಬಂಡಿಯನ್ನೇರಿದಳು. ಇಷ್ಟನ್ನು ಅಜ್ಜಿಯು ಎಂದೋ ಒಮ್ಮೆ ಮಗನಿಗೆ ಹೇಳಿದ್ದುಂಟು. ಎರಡನೆಯ ಸಲ ಹೇಳಲಿಲ್ಲ.

ಆ ಕಟ್ಟೆಯನ್ನು ಯಾರೂ ಹುಡುಗಾಟಕ್ಕೆ ಕಟ್ಟಿದವರಲ್ಲ. ಧಾತು ಈಶ್ವರ ಸಂವತ್ಸರಗಳಲ್ಲಿ, ಎಂದರೆ ೧೮೭೬ರಿಂದ ೧೮೭೮ರವರೆಗೆ, ಬಳ್ಳಾರಿ ಸೀಮೆಯನ್ನು ಹಿಂಡಿದ ಬರದ ಕಥೆಯನ್ನು ಅಜ್ಜಂದಿರಿಂದ ಕೇಳದ ಮನೆಗಳು ಇಲ್ಲಿ ಇರಲಿಲ್ಲ. ತುಂಬಿದ ಹೊಳೆಯೊಂದು ಕಣ್ಣೆದುರಿಗೆ ಹರಿದುಹೋಗುತ್ತಿರಲು ಅದರ ಎರಡು ಮಗ್ಗುಲಿನ ಜನರು ಹಸಿದು ಸಾಯುತ್ತಿದ್ದರು. ಈ ನೀರನ್ನು ನಿಲ್ಲಿಸಿ ಹೊಲಗಳಿಗೆ ತಿರುಗಿಸಬೇಕೆಂಬ ಆಲೋಚನೆಯನ್ನು ಆರ್ಥರ್ ಕಾಟನ್ ಎಂಬ ಎಂಜಿನಿಯರು ೧೮೬೦ರಲ್ಲಿಯೇ ಹೊರಡಿಸಿದ್ದನು. ಒಂದು ದಂಡೆ ಮದರಾಸು ಸರಕಾರದ್ದು, ಇನ್ನೊಂದು ಹೈದರಾಬಾದಿನ ನಿಜಾಮರದು. ಇಬ್ಬರಿಗೂ ಒಪ್ಪಿಗೆಯಾಗಿ ಅಸ್ತಿಭಾರವು ಬಿದ್ದದ್ದು ೧೯೪೫ರ ಫೆಬ್ರುವರಿ ೨೮ರಂದು. ಎಂಜಿನಿಯರ್ ತಿರುಮಲೆ ಅಯ್ಯಂಗಾರರು ಕಲ್ಲನ್ನೂ ಸುರ್ಕಿಯ ಗಾರೆಯನ್ನೂ ನೆಚ್ಚಿ ಕಟ್ಟಿಸಿದ ಕಟ್ಟೆಯು ೧೯೫೩ರಲ್ಲಿ ಸಿದ್ಧವಾಯಿತು. ಅದಕ್ಕೆ ೩೩ ಬಾಗಿಲುಗಳು. ಮೊದಲು ೧೩೩ ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ, ೨೦೨೪ರ ಲೆಕ್ಕಕ್ಕೆ ಅದು ೧೦೫ರ ಸುಮಾರಿಗೆ ಇಳಿದಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಹೊಲಗಳಿಗೂ, ಆಂಧ್ರದ ಸೀಮೆಗೂ ಅಲ್ಲಿಂದ ಕಾಲುವೆಗಳು ಹೋಗುತ್ತವೆ. ಗಂಗಾವತಿ, ಸಿರುಗುಪ್ಪಗಳ ಅಕ್ಕಿಯನ್ನು ಉಣ್ಣುವವರು ಆ ನೀರನ್ನೇ ಉಣ್ಣುತ್ತಾರೆ. ಅಜ್ಜಿಯ ಮನೆಗೂ ಆ ಅಕ್ಕಿ ಬರುತ್ತಿತ್ತು. ಅವಳು ಅದನ್ನು ಉಣ್ಣಲಾರೆನೆಂದವಳಲ್ಲ.

೨೦೨೪ರ ಆಗಸ್ಟ್ ೧೦ರ ರಾತ್ರಿ, ಜಲಾಶಯವು ತುಂಬಿದ್ದ ವೇಳೆಯಲ್ಲಿ, ಹತ್ತೊಂಬತ್ತನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲು ನೀರಿನಲ್ಲಿ ಕೊಚ್ಚಿಹೋಯಿತು. ಮರುದಿನ ಬೆಳಗಿನಿಂದ ಚಿಗಟೇರಿಯ ಆ ಮನೆಯಲ್ಲಿಯೂ ಟಿ.ವಿ.ಯ ಮುಂದೆ ಜನ ಸೇರಿದರು. ಒಂದು ಬಾಗಿಲಿನ ಮೇಲಿನ ಭಾರವನ್ನು ಕಡಿಮೆ ಮಾಡುವ ಸಲುವಾಗಿ ಉಳಿದ ಬಾಗಿಲುಗಳನ್ನೂ ಎತ್ತಿ ನೀರು ಬಿಡುತ್ತಿದ್ದರು. ದುರಸ್ತಿಗೆ ಇಳಿಯಬೇಕಾದರೆ ಸುಮಾರು ೬೦ ಟಿಎಂಸಿ ನೀರನ್ನು ಹೊರಗೆ ಬಿಡಬೇಕಾದೀತೆಂದು ಮೊದಲು ಅಂದಾಜು ಮಾಡಿದರು. ಭತ್ತದ ಸಸಿ ಹಚ್ಚಿದ ರೈತರು ಕಾಲುವೆಯ ಮೇಲೆ ಕುಳಿತು ಅಳುವ ಸ್ಥಿತಿ. ಅಜ್ಜಿಯು ಆ ದಿನವೆಲ್ಲ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲವೆಂದಳು. ಸಂಜೆ ದೀಪ ಹಚ್ಚುವಾಗ ನಾರದಮುನಿಯ ಗುಡಿಗೆ ಹೋಗಿ ಎಣ್ಣೆ ಹಾಕಿಬಂದಳು; ಮುಂದಿನ ಸಂಜೆಗಳಲ್ಲಿಯೂ ಹೋದಳು. ಹರಿಯುವ ನೀರಿನ ನಡುವೆಯೇ ಉಕ್ಕಿನ ಹಲಗೆಗಳನ್ನು ಇಳಿಸಿ ಆ ಕಂಡಿಯನ್ನು ಮುಚ್ಚಬಹುದೆಂದು ಅಣೆಕಟ್ಟಿನ ಬಾಗಿಲುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರು ಮುಂದೆ ಬಂದರು; ಒಂದು ವಾರದೊಳಗಾಗಿ ಮುಚ್ಚಿಯೂ ತೋರಿಸಿದರು. ಆ ವರ್ಷದ ಮಳೆಯೂ ಕೈಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಜಲಾಶಯವು ಮತ್ತೆ ತುಂಬಿತು.

ಸಂಕ್ರಮಣವು ಸಮೀಪಿಸಿದಾಗ ಮಗನು ಕುರುವತ್ತಿಗೆ ಮೋಟಾರನ್ನು ಗೊತ್ತುಮಾಡಲು ಹೊರಟನು. ಅಜ್ಜಿಯು ಅವನನ್ನು ನಿಲ್ಲಿಸಿ, “ಈ ಸಲ ಬ್ಯಾಡ. ಡ್ಯಾಮಿಗೆ ಹೋಗಾನ” ಎಂದಳು. ಏಕೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸೊಸೆಯು ಹಿಟ್ಟು ನಾದಲು ಎದ್ದುಹೋದಳು.

ಹೀಗೆ ೨೦೨೫ರ ಸಂಕ್ರಮಣದ ಬೆಳಗ್ಗೆ ಆ ಕುಟುಂಬವು ಕೊಟ್ಟೂರನ್ನು ದಾಟಿ ಹಗರಿಬೊಮ್ಮನಹಳ್ಳಿಯ ಕಡೆಗೆ ಹೊರಟಿತು. ಮಕ್ಕಳ ಒತ್ತಾಯಕ್ಕಾಗಿ ಅಂಕಸಮುದ್ರದ ಕೆರೆಯ ಬಳಿ ಸ್ವಲ್ಪ ಹೊತ್ತು ನಿಂತರು. ಹೊಲಗಳಿಗೆ ನೀರುಣಿಸಲೆಂದು ಹಿಂದಿನವರು ಕಟ್ಟಿದ ಈ ಹಳ್ಳಿಯ ಕೆರೆಯು ನೂರು ಹೆಕ್ಟೇರಿಗೆ ಸ್ವಲ್ಪ ಕಡಿಮೆ. ನೀರಿನ ನಡುವೆ ನಿಂತ ಜಾಲಿಯ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಕರಿತಲೆಯ ಕೆಂಬರಲುಗಳೂ ಸಂಸಾರ ಹೂಡುತ್ತವೆ. ಇರಾನ್ ದೇಶದ ರಾಮ್ಸಾರ್ ಎಂಬ ಊರಿನಲ್ಲಿ ೧೯೭೧ರಲ್ಲಿ ಆದ ಒಡಂಬಡಿಕೆಯ ಮೇರೆಗೆ ಜಗತ್ತಿನ ಮುಖ್ಯ ಜಲಭೂಮಿಗಳ ಒಂದು ಪಟ್ಟಿ ಇರುವುದು; ೨೦೨೪ರ ಆರಂಭದಲ್ಲಿ ಅಂಕಸಮುದ್ರವೂ ಅದರಲ್ಲಿ ಸೇರಿತು. ಹಕ್ಕಿಗಳನ್ನು ನೋಡುತ್ತಿದ್ದ ಮೊಮ್ಮಗಳು, “ಇವೂ ಬ್ಯಾರೆ ಊರಿಂದ ಬಂದಾವೇನಜ್ಜಿ?” ಎಂದಳು. “ಬಂದಿದ್ದರೂ ಇರಬೌದವ್ವ. ಗೂಡು ಕಟ್ಟಿದ ಮ್ಯಾಲ ಇದೇ ಅವುಗಳ ಊರು” ಎಂದು ಅಜ್ಜಿಯು ಹೇಳಿದಳು.

ನಡುಹಗಲಿಗೆ ಮರಿಯಮ್ಮನಹಳ್ಳಿಯ ಕಡೆಯ ಹಿನ್ನೀರಿನ ಅಂಚಿಗೆ ಬಂದರು. ಕಡಲನ್ನು ಕಾಣದ ಸೀಮೆಯವರಿಗೆ ಕಡಲೆಂದರೆ ಇದೇ. ಎದುರಿನ ದಂಡೆ ಮಸಕುಮಸಕು. ಗಾಳಿಗೆ ಸಣ್ಣ ತೆರೆಗಳೆದ್ದು ಕೆಸರಿನ ಅಂಚನ್ನು ನೆಕ್ಕುತ್ತಿದ್ದವು. ದೂರದಲ್ಲಿ ಮೀನುಗಾರನ ಹರಿಗೋಲು ಬುಗುರಿಯಂತೆ ಮೆಲ್ಲನೆ ತಿರುಗುತ್ತಿತ್ತು. ಅಜ್ಜಿಯು ಸೊಸೆಯ ಕೈ ಹಿಡಿದು ಇಳಿದುಬಂದು ನೀರಿನತ್ತ ನೋಡಿದಳು. ಎಲ್ಲೆಡೆಯೂ ಒಂದೇ ನೀರು. ಯಾವುದೂ ಗುರುತಿಗೆ ಸಿಕ್ಕಲಿಲ್ಲ. ಬಳಿಕ ಬೆನ್ನು ತಿರುಗಿಸಿ ಸಂಡೂರಿನ ಕಡೆಯ ಗುಡ್ಡದ ಸಾಲನ್ನು ಬಹಳ ಹೊತ್ತು ದಿಟ್ಟಿಸಿದಳು. “ಗುಡ್ಡ ಹಂಗೇ ಐತಿ” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಗುಡ್ಡದಿಂದ ಲೆಕ್ಕ ಹಿಡಿದು, ಮತ್ತೆ ನೀರಿನ ಕಡೆಗೆ ತಿರುಗಿ, ಒಂದು ದಿಕ್ಕಿಗೆ ಕೈ ಮಾಡಿದಳು. “ಅಲ್ಲಿ.”

ಮಗನು, “ಬಾಗಿಲು ಮುರಿದಾಗ ನೀರು ಪೂರಾ ಇಳಿದಿದ್ರ ಕಾಣ್ತಿತ್ತೇನೋ, ಅವ್ವ” ಎಂದನು.

ಅಜ್ಜಿಯು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನಂಗೂ ಮೊದಲು ಅದೇ ಅನಿಸಿತಪ್ಪ. ನೀರು ಹೋಗಲಿ, ನಮ್ಮ ಹೊಸ್ತಿಲು ಒಂದ್ಸಲ ಕಾಣಲಿ ಅಂತ. ಟಿ.ವಿ.ಯಾಗ ಆ ರೈತ ಅಳೋದನ್ನ ನೋಡಿದ ಮ್ಯಾಲ ನಂಗ ಉಣ್ಣಾಕ ಆಗಲಿಲ್ಲ. ಇಷ್ಟು ಮಂದಿ ಉಣ್ಣಲಿ ಅಂತ ಅಲ್ಲೇನು ನಾವು ಊರು ಬಿಟ್ಟಿದ್ದು? ಈಗ ನೀರೂ ಹೋದರ, ಬಿಟ್ಟಿದ್ದು ಯಾತಕ್ಕ ಬಂತು? ನಿಲ್ಲಲಿ ಸ್ವಾಮಿ, ನೀರು ನಿಲ್ಲಲಿ ಅಂತ ಎಣ್ಣಿ ಹಾಕಿ ಬಂದೆ.”

ಮಗನು ಉತ್ತರವನ್ನು ಕಾಣದೆ ನೆಲವನ್ನು ನೋಡಿದನು. ಎಪ್ಪತ್ತು ವರ್ಷಗಳ ಕಾಲ ತಾಯಿಯು ಈ ನೀರಿನ ಮೇಲೆ ಮುನಿದಿರುವಳೆಂದೇ ಅವನು ತಿಳಿದಿದ್ದನು. ಮುನಿಸು ಇದ್ದಿರಲೂಬಹುದು. ಆದರೆ ಕೊಟ್ಟದ್ದು ವ್ಯರ್ಥವಾಗಬಾರದೆಂಬ ಕಾಳಜಿಯು ಕೊಟ್ಟವರಿಗಲ್ಲದೆ ಮತ್ತಾರಿಗೆ ಅಷ್ಟಾಗಿ ಇದ್ದೀತು?

ಅಜ್ಜಿಯು ಬುತ್ತಿಯ ಗಂಟನ್ನು ಬಿಚ್ಚಿದಳು. ವಾಡಿಕೆಯಂತೆ ಮುತ್ತುಗದ ಎಲೆಯ ಮೇಲೆ ರೊಟ್ಟಿಯ ಚೂರನ್ನೂ ಎಳ್ಳುಬೆಲ್ಲವನ್ನೂ ಇಟ್ಟಳು. ಮೊಮ್ಮಗಳು ನೀರನ್ನು ನೋಡಿ, “ಅಜ್ಜಿ, ಇಲ್ಲಿ ನೀರು ಹರಿಯೋದೇ ಇಲ್ಲ. ಎಲೆ ಎಲ್ಲಿಗೆ ಹೋಗ್ತೈತಿ?” ಎಂದು ಕೇಳಿದಳು.

“ಎಲ್ಲಿಗೂ ಹೋಗೋದು ಬ್ಯಾಡ. ಕುರುವತ್ತ್ಯಾಗ ಬಿಟ್ಟಿದ್ದು ಇಲ್ಲಿಗೇ ಬರ್ತಿತ್ತು” ಎಂದು ಅಜ್ಜಿಯು ಎಲೆಯನ್ನು ನೀರಿನ ಮೇಲಿಟ್ಟಳು.

ಅಷ್ಟು ವರ್ಷಗಳ ಬುತ್ತಿಯ ಅರ್ಥವು ಆಗ ಮನೆಯವರಿಗೆ ತಿಳಿಯಿತು. ಕುರುವತ್ತಿಯಿಂದ ಹಡಗಲಿಯ ಸೀಮೆಯನ್ನು ಹಾದು ಹರಿಯುವ ಹೊಳೆಯು ನಾಲ್ಕು ದಿನಕ್ಕೋ ಎಂಟು ದಿನಕ್ಕೋ ಆ ಹೊಸ್ತಿಲನ್ನು ಮುಟ್ಟುತ್ತಿತ್ತು. ತಾನು ಹೋಗಲಾರದ ತೌರಿಗೆ ಮಗಳು ಹಬ್ಬದ ಬುತ್ತಿಯನ್ನು ಹೊಳೆಯ ಕೈಯಲ್ಲಿ ಕಳುಹಿಸುತ್ತಿದ್ದಳು. ಸೊಸೆಯು ಸೆರಗಿನಿಂದ ಕಣ್ಣೊರಸಿಕೊಂಡಳು. ಅಜ್ಜಿಯು ಅಳಲಿಲ್ಲ. “ರೊಟ್ಟಿ ಒಣಗ್ತಾವ, ಕುಂದರ್ರಿ” ಎಂದು ಎಲ್ಲರಿಗೂ ಬಡಿಸಿದಳು. ತಾನೂ ಎರಡು ರೊಟ್ಟಿಗಳನ್ನು ಉಂಡಳು.

ಸಂಜೆಗೆ ಹೊಸಪೇಟೆಯ ಕಡೆಯಿಂದ ಕಟ್ಟೆಯ ಕೆಳಗಿನ ಉದ್ಯಾನಕ್ಕೆ ಹೋದರು. ಅಜ್ಜಿಯು ಅಲ್ಲಿ ಮನಸ್ಸು ಮುರಿದು ಕುಳಿತುಕೊಂಡಾಳೆಂದು ಮಗನಿಗೆ ಅಳುಕಿತ್ತು. ಹಾಗಾಗಲಿಲ್ಲ. ಹೂವಿನ ಪಾತಿಗಳ ನಡುವೆ ಮೆಲ್ಲನೆ ನಡೆದಳು. ಗುಡ್ಡದ ಮೇಲಣ ವೈಕುಂಠವೆಂಬ ಅತಿಥಿಗೃಹದ ಹೆಸರನ್ನು ಕೇಳಿ, “ಇನ್ನೂ ಅಷ್ಟು ಮ್ಯಾಲಕ ಹತ್ತಾಕ ನಂಗ ಅವಸರಿಲ್ಲಪ್ಪ” ಎಂದು ನಗಿಸಿದಳು. ಒಗ್ಗರಣೆ ಮಂಡಕ್ಕಿಯನ್ನು ಮೊಮ್ಮಗಳೊಡನೆ ಹಂಚಿಕೊಂಡು ತಿಂದಳು. ಕತ್ತಲಾದ ಮೇಲೆ ವಾದ್ಯದ ಗತಿಗೆ ಕಾರಂಜಿಯು ಏರಿ ಇಳಿದು ಬಣ್ಣ ಬದಲಿಸುವಾಗ ಎಲ್ಲ ಮಕ್ಕಳಂತೆ ಅವಳೂ ಬಾಯಿ ತೆರೆದು ನೋಡಿದಳು. “ಚಲೋ ಕುಣಸ್ಯಾರ ನೀರನ್ನ” ಎಂದಳು.

ಉದ್ಯಾನಕ್ಕೆ ಬರುವ ಸಹಸ್ರಾರು ಮಂದಿಗೆ ಅಲ್ಲಿಯ ನೀರು ಬರಿಯ ನೀರು. ಅವರು ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ; ಸಂತೋಷಪಡುವುದಕ್ಕಾಗಿಯೇ ಉದ್ಯಾನಗಳಿರುವುದು. ಆದರೂ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುವ ಗೃಹಸ್ಥರು, ಕಾರಂಜಿಯ ಹೊತ್ತಿಗೆ ಮುಂಚೆ ಒಂದು ಗಳಿಗೆ ಹಿನ್ನೀರಿನ ದಂಡೆಯಲ್ಲಿ ನಿಂತು, ಮುಳುಗಿದ ಊರುಗಳ ಹೆಸರುಗಳನ್ನು ತಮ್ಮ ಮಕ್ಕಳಿಗೆ ಹೇಳಿದರೆ, ಆ ದಿನದ ವಿಹಾರಕ್ಕೆ ಯಾವ ಕೊರತೆಯೂ ಆಗದು.

ಮರಳುವ ದಾರಿಯಲ್ಲಿ ಮಕ್ಕಳು ನಿದ್ದೆಹೋದರು. ಕೊಟ್ಟೂರಿನ ದೀಪಗಳು ಹಿಂದೆ ಸರಿದ ಮೇಲೆ ಮಗನು, ಮುಂದಿನ ವರ್ಷವೂ ಇಲ್ಲಿಗೇ ಬರೋಣವೇ ಎಂದು ಕೇಳಿದನು. ಅಜ್ಜಿಯು ಖಾಲಿಯಾದ ಬುತ್ತಿಯ ಬಟ್ಟೆಯನ್ನು ಮಡಿಲಲ್ಲಿ ನಾಲ್ಕಾಗಿ ಮಡಿಸುತ್ತಿದ್ದಳು.

“ಕುರುವತ್ತಿಗೇ ಹೋಗಾನ. ಅಲ್ಲಿ ಕಾಲಿಟ್ಟರ ನೀರು ಹರಿಯೋದು ಗೊತ್ತಾಗ್ತೈತಿ” ಎಂದಳು. ಸ್ವಲ್ಪ ದೂರ ಹೋದ ಮೇಲೆ, “ಆದರ ದಾರಿ ಗೊತ್ತಾತು” ಎಂದು ಸೇರಿಸಿದಳು.